ಬೋರ್ಡಿನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ, ಹೆಂಗಸರಿದ್ದರೆ ಕಂಪನಿಗೆ ಲಾಭ ಜಾಸ್ತಿಯಾಗುತ್ತಾ?

ಗ್ಯಾರಂಟಿ ಕೊಡಲು ಆಗುವುದಿಲ್ಲ. ನಷ್ಟ ಆಗುತ್ತದೆ ಅನ್ನುವುದೂ ಸರಿಯಲ್ಲ. 2015ರಲ್ಲಿ ಪೋಸ್ಟ್ ಮತ್ತು ಬೈರನ್ ಎಂಬ ಸಂಶೋಧಕರು 140 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಲೆಕ್ಕಪತ್ರದ ಲಾಭದ ಜೊತೆ ಸಣ್ಣ ನಂಟು ಕಂಡಿತು. ಷೇರುಪೇಟೆಯ ಬೆಲೆಯ ಜೊತೆ ಹೆಚ್ಚುಕಡಿಮೆ ಏನೂ ಇಲ್ಲ. ಆ ಸಣ್ಣ ನಂಟಿನಲ್ಲೂ ಒಂದು ಪೇಚಿದೆ: ಚೆನ್ನಾಗಿ ನಡೆಯುವ ಕಂಪನಿಗಳೇ ಹೆಂಗಸರನ್ನು ಕರೆದು ಕೂರಿಸಿರಬಹುದು, ಅಲ್ವಾ?

ಕಂಪನಿ ನಡೆಸುವವರ ಮೇಲೆ ನಿಗಾ ಇಡುವ ವಿಷಯದಲ್ಲಿ ಮಾತ್ರ ಒಳ್ಳೆಯ ಪುರಾವೆ ಇದೆ. ಅಮೆರಿಕದ ಕಂಪನಿಗಳ ಮೇಲಿನ 2009ರ ಒಂದು ಅಧ್ಯಯನದ ಪ್ರಕಾರ ನಿರ್ದೇಶಕಿಯರು ಸಭೆ ತಪ್ಪಿಸುವುದು ಕಡಿಮೆ. ಅವರು ಜಾಸ್ತಿ ಇದ್ದ ಕಡೆ ಗಂಡಸರ ಹಾಜರಾತಿಯೂ ಚೆನ್ನಾಗಿತ್ತು!

ನಮ್ಮಲ್ಲಿ 2013ರ ಕಂಪನಿ ಕಾಯ್ದೆ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗೆ ಕನಿಷ್ಠ ಒಬ್ಬ ನಿರ್ದೇಶಕಿ ಬೇಕು. ಕೆಲವರು ಸುಮ್ನೆ ಮನೆಯವರನ್ನೇ ಕೂರಿಸಿದರು. ಆಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಮೊದಲ 1000 ದೊಡ್ಡ ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ ಸ್ವತಂತ್ರ ನಿರ್ದೇಶಕಿಯೇ, ಅಂದರೆ ಮಾಲೀಕರ ಮನೆಯವರಲ್ಲದ ಹೊರಗಿನವರೇ, ಇರಬೇಕು ಅಂದಿತು.

ನಮ್ಮ ಕೋಲಾರದ ಕಡೆ ಈ ಆಟ ಹೊಸದಲ್ಲ. ಹಳ್ಳಿಯ ಹಾಲಿನ ಡೇರಿಯಲ್ಲಿ ನಿರ್ದೇಶಕಿ ಹೆಸರಿಗೆ ಇರುತ್ತಾಳೆ. ನಡಾವಳಿ ಪುಸ್ತಕ ಸಹಿಗೆ ಮನೆಗೇ ಬರುತ್ತದೆ, ಸಭೆಯಲ್ಲಿ ಮಾತಾಡುವುದು ಗಂಡ. ಹಾಗಾದರೆ ಡೇರಿಯಲ್ಲಿ ಏನು ಬದಲಾಗುತ್ತದೆ? ಹಸು ಕಟ್ಟಿ ಹಾಲು ಕರೆಯುವವಳೇ ಬಂದು ಕೂತು, 'ಫ್ಯಾಟ್ ಹೇಗೆ ಕಮ್ಮಿ ಬಂತು, ಫೀಡ್ ಲೆಕ್ಕ ಎಲ್ಲಿ?' ಅಂತ ಕೇಳಿದರೆ ಕಥೆಯೇ ಬೇರೆ.

ಹಾಗಾಗಿ ಷೇರು ಕೊಳ್ಳುವವರು ಎಷ್ಟು ಜನ ಹೆಂಗಸರಿದ್ದಾರೆ ಅಂತ ಮಾತ್ರ ಎಣಿಸಬೇಡಿ. ವಾರ್ಷಿಕ ವರದಿಯಲ್ಲಿ ಸಭೆಯ ಹಾಜರಾತಿ ಪಟ್ಟಿ ಇರುತ್ತದೆ. ಅದನ್ನು ನೋಡಿ, ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಕಮಿಟಿಯಲ್ಲಿ ನಿರ್ದೇಶಕಿಯರಿಗೆ ಜಾಗ ಕೊಟ್ಟಿದ್ದಾರಾ ಅಂತಲೂ ನೋಡಿ.