ಫ್ಲಾಶ್ ಹಾಕದೆ ಯಕ್ಷಗಾನದ ಫೋಟೋ ತೆಗೆಯುವುದು ಹೇಗೆ?

ಊರಿನ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಬಯಲಾಟವನ್ನು ಫ್ಲಾಶ್ ಇಲ್ಲದೆ ತೆಗೆಯಬೇಕು, ಕೈಯಲ್ಲಿರುವುದು 18-55 ಮಿ.ಮೀ. ಕಿಟ್ ಲೆನ್ಸ್, ಚಿತ್ರಗಳೆಲ್ಲ ಮಸುಕಾಗುತ್ತಿವೆ ಎಂದು ಬರೆದಿದ್ದೀರಿ. ಮೊದಲಿಗೆ, ಫ್ಲಾಶ್ ಬೇಡವೆಂದ ನಿಮ್ಮ ನಿರ್ಧಾರವನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ಆಟಕ್ಕೆ ಮುಂಚೆ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚುವ ಜಾಗದಲ್ಲಿ, ಅನುಮತಿ ಕೇಳಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವನ್ನು ಹತ್ತಿರದಿಂದ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದಾಗಿ ಎಬ್ಬಿಸಿದ ಚಿಟ್ಟಿ ಎಂಬ ಮುಳ್ಳುಚುಕ್ಕೆಗಳ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಪ್ರತಿ ಮೊನೆಗೂ ನೆರಳು ಹುಟ್ಟುತ್ತದೆ. ಮುಖಕ್ಕೆ ರೌದ್ರ ಬರುವುದೇ ಆಗ. ಕ್ಯಾಮೆರಾದ ಫ್ಲಾಶ್ ಎದುರಿನಿಂದ ಬಡಿದು ಆ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕುತ್ತಿರುವ ಕಲಾವಿದನ ಕಣ್ಣು ಕುಕ್ಕುವ ಅಪಾಯ ಬೇರೆ.

ಇನ್ನು ಲೆನ್ಸ್. ನಿಮ್ಮ ಕಿಟ್ ಲೆನ್ಸ್ 18ರಲ್ಲಿ ಎಫ್/3.5 ತೆರೆಯುತ್ತದೆ, 55ಕ್ಕೆ ಹೋದರೆ ಎಫ್/5.6ಕ್ಕೆ ಕುಗ್ಗುತ್ತದೆ (ಈ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಕಿರಿದು). ಅಂದರೆ ಜೂಮ್ ಮಾಡಿದ ಕೂಡಲೇ ಬೆಳಕು ಎರಡೂವರೆ ಪಟ್ಟು ಕಡಿಮೆ. ಆದ್ದರಿಂದ ಜೂಮ್ ಬಿಟ್ಟು, ರಂಗಸ್ಥಳದ ಹತ್ತಿರ ಒಂದು ಮಗ್ಗುಲಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಮುಂದೆ ಹಣ ಕೂಡಿಬಂದರೆ 50 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳಿ, ಎಫ್/5.6ಕ್ಕೆ ಹೋಲಿಸಿದರೆ ಅದು ಒಳಬಿಡುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಟ್ರೈಪಾಡ್‌ ಬೇಡ. ಅದು ನಿಮ್ಮ ಕೈನಡುಕವನ್ನು ತಡೆದೀತೇ ಹೊರತು ವೇಷದ ಕುಣಿತವನ್ನಲ್ಲ, ಹಿಂದೆ ಕುಳಿತವರಿಗೂ ಅಡ್ಡ.

ಕ್ಯಾಮೆರಾವನ್ನು ಮ್ಯಾನುಯಲ್‌ನಲ್ಲಿಡಿ. ವೇಷದ ಹಿಂದಿನ ಕತ್ತಲನ್ನು ಕಂಡ ಆಟೋ ಮೋಡ್ ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ಷಟರ್ (ಬೆಳಕನ್ನು ಒಳಬಿಟ್ಟು ಮುಚ್ಚುವ ಪರದೆ) ನಿಧಾನ ಮಾಡುತ್ತದೆ. ನಿಮ್ಮ ಮಸುಕಿಗೆ ಬಹುಶಃ ಅದೇ ಕಾರಣ. ಷಟರ್ ವೇಗ ಕುಣಿತಕ್ಕೆ ಸೆಕೆಂಡಿನ 1/250, ನಿಂತು ಅರ್ಥ (ಪಾತ್ರದ ಮಾತು) ಹೇಳುವಾಗ 1/100. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಕೆಲವು ಟ್ಯೂಬ್‌ಲೈಟ್, ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/250ರಲ್ಲಿ ಚಿತ್ರದ ಮೇಲೆ ಪಟ್ಟೆ ಬಂದರೆ 1/100ಕ್ಕೆ ಇಳಿಯಿರಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಬೇಕಾದರೆ 6400. ಚಿತ್ರ ಮರಳುಮರಳಾಗುತ್ತದೆಂದು ಅಂಜಬೇಡಿ. ಮರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಅಲುಗಿದ ಮುಖವನ್ನು ನೆಟ್ಟಗೆ ಮಾಡಲಾಗದು. ಫೋಕಸ್ ಬಿಂದು ಒಂದೇ ಇರಲಿ, ಅದು ಕಣ್ಣಿನ ಮೇಲಿರಲಿ. ಫೋಕಸ್‌ಗಾಗಿ ಕ್ಯಾಮೆರಾ ಹೊತ್ತಿಸುವ ಪುಟ್ಟ ದೀಪವನ್ನು ಮರೆಯದೆ ಆರಿಸಿಡಿ.

ಇಷ್ಟೆಲ್ಲ ಹೊಂದಿಸಿದ ಮೇಲೂ ಒಳ್ಳೆಯ ಚಿತ್ರ ಸಿಗುವುದು ಕಿವಿಯಿಂದ ಎಂದೇ ನಾನು ಹೇಳುತ್ತೇನೆ. ಕುಣಿತ ಎಷ್ಟೇ ಬಿರುಸಾಗಿರಲಿ, ಚೆಂಡೆ ಮುಕ್ತಾಯಕ್ಕೆ ಬಂದು ಕೊನೆಯ ಪೆಟ್ಟು ಬೀಳುವಾಗ ವೇಷ ಒಂದು ಭಂಗಿಯಲ್ಲಿ ನಿಲ್ಲುತ್ತದೆ. ಕಣ್ಣು ಅರಳಿರುತ್ತದೆ, ಕಿರೀಟ ಅಲುಗುವುದಿಲ್ಲ. ಆ ಅರೆಕ್ಷಣಕ್ಕೆ 1/100 ಧಾರಾಳ ಸಾಕು. ನಾನು ಆಟದ ಮೊದಲ ಭಾಗದಲ್ಲಿ ಕ್ಯಾಮೆರಾ ಮಡಿಲಲ್ಲಿಟ್ಟು ಭಾಗವತರ (ಹಾಡುಗಾರರ) ಪದವನ್ನೂ ಚೆಂಡೆಯ ನಡೆಯನ್ನೂ ಸುಮ್ಮನೆ ಕೇಳುತ್ತೇನೆ. ತಾಳ ಮನಸ್ಸಿನೊಳಗೆ ಕೂತ ಮೇಲೆ ಬೆರಳು ಪೆಟ್ಟಿಗಿಂತ ಒಂದು ಗಳಿಗೆ ಮೊದಲೇ ಸಿದ್ಧವಾಗಿರುತ್ತದೆ. ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡವಾಯಿತು. ಬಣ್ಣದ ವೇಷ ತೆರೆಯ ಹಿಂದಿನಿಂದ ಇಣುಕಿ ಮುಖ ತೋರಿಸುವ ಹೊತ್ತೂ ಹಾಗೆಯೇ. ಚಿಟ್ಟಿಯ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ದೊಂದಿಗೆ (ಉರಿಯುವ ಪಂಜಿಗೆ) ರಾಳದ ಪುಡಿ ಎರಚುವ ಪ್ರವೇಶವಿದ್ದರೆ ಷಟರನ್ನು ಮುಂಚೆಯೇ 1/500ಕ್ಕೆ ಏರಿಸಿಕೊಳ್ಳಿ. ಬೆಂಕಿ ಭುಗಿಲೆದ್ದಾಗ ರಂಗಸ್ಥಳ ಒಮ್ಮೆಲೇ ಬೆಳಗುತ್ತದೆ, ಹಳೆಯ ಲೆಕ್ಕದಲ್ಲಿ ತೆಗೆದರೆ ಜ್ವಾಲೆಯ ಜಾಗದಲ್ಲಿ ಬರೀ ಬಿಳಿ ಕಲೆ ಉಳಿಯುತ್ತದೆ.

ರಾ (RAW, ಕ್ಯಾಮೆರಾ ಸಂಸ್ಕರಿಸದ) ಕಡತದಲ್ಲಿಯೇ ತೆಗೆಯಿರಿ, ಬಣ್ಣದ ದೀಪಗಳ ಛಾಯೆಯನ್ನು ಆಮೇಲೆ ತಿದ್ದಲು ಸುಲಭ. ಮರಳು ತಗ್ಗಿಸುವಾಗ ಮಾತ್ರ ಕೈ ಬಿಗಿಹಿಡಿಯಿರಿ: ಹೆಚ್ಚಾದರೆ ಮುಖದ ಸೂಕ್ಷ್ಮ ಗೆರೆಗಳೂ ಮರಳಿನ ಜೊತೆಗೇ ಹೋಗುತ್ತವೆ.