ಎಲೆ ನೋಡದೆ ಗೆದ್ದವಳು ಆನೆಟ್ ಓಬ್ರೆಸ್ಟಾಡ್

ಒಬ್ಬ ಹುಡುಗಿ ತನ್ನ ಇಸ್ಪೀಟ್ ಎಲೆ ನೋಡದೆಯೇ ಪೋಕರ್ ಟೂರ್ನಮೆಂಟ್ ಗೆದ್ದಳಂತೆ, ನಿಜವಾ, ಈಗ ಏನು ಮಾಡ್ತಿದ್ದಾಳೆ ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ನಿಜ. ಅವಳು ನಾರ್ವೆಯ ಆನೆಟ್ ಓಬ್ರೆಸ್ಟಾಡ್. 2007ರಲ್ಲಿ, 180 ಜನರಿದ್ದ, ಪ್ರವೇಶಕ್ಕೆ 4 ಡಾಲರ್‌ನ ಆನ್‌ಲೈನ್ ಆಟ. ಪರದೆಯಲ್ಲಿ ತನ್ನ ಎಲೆಗಳು ಕಾಣದ ಹಾಗೆ ಮುಚ್ಚಿಟ್ಟು ಆಡಿದಳು. ಎದುರಾಳಿ ಇದ್ದದ್ದೆಲ್ಲ ಪಣಕ್ಕಿಟ್ಟಾಗ ಒಂದೇ ಸಲ ಇಣುಕಿದ್ದಳು, ಅಷ್ಟೇ.

ಇದು ಸುಮ್ನೆ ಅದೃಷ್ಟ ಅಲ್ಲ. ಪೋಕರ್‌ನಲ್ಲಿ ಕೊನೆಗೆ ಆಡುವವರಿಗೆ ಲಾಭ ಜಾಸ್ತಿ. ಉಳಿದವರು ಎಷ್ಟು ಕಟ್ಟಿದರು, ಯಾರು ಹಿಂಜರಿದರು ಅಂತ ನೋಡಿಕೊಂಡು ಆಡಬಹುದು. ಹೆದರಿದವರ ಮೇಲೆ ಧೈರ್ಯವಾಗಿ ಪಣ ಏರಿಸಿದರೆ ಎಲೆ ಬಿಸಾಕಿ ಸೋಲೊಪ್ತಾರೆ. ಆಗ ನಿಮ್ಮ ಕೈಲಿ ಏನಿತ್ತು ಅಂತ ಯಾರು ಕೇಳ್ತಾರೆ?

ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು ಅದೇ ವರ್ಷ ಲಂಡನ್‌ನ ಪೋಕರ್ ಟೂರ್ನಮೆಂಟ್‌ನಲ್ಲಿ ಅವಳ ಗೆಲುವು. 362 ಆಟಗಾರರು, ಪ್ರವೇಶಕ್ಕೇ 10,000 ಪೌಂಡ್. ಕೊನೆಯಲ್ಲಿ ಎದುರಾಳಿ ಜಾನ್ ತಬತಬಾಯಿ ಹತ್ರ ಐದು-ಆರರ ಎರಡು ಜೋಡಿ, ಇವಳ ಹತ್ರ ಅದಕ್ಕಿಂತ ದೊಡ್ಡದಾದ ಮೂರು ಏಳು. ಬಹುಮಾನ 10 ಲಕ್ಷ ಪೌಂಡ್! ಮಾರನೇ ದಿನ ಅವಳಿಗೆ 19 ತುಂಬಿತು. ತಮಾಷೆ ನೋಡಿ, ಲಾಸ್ ವೇಗಸ್‌ನಲ್ಲಾದರೆ 21 ಆಗದೆ ಆಡೋಕೇ ಬಿಡ್ತಿರಲಿಲ್ಲ.

15ನೇ ವಯಸ್ಸಿಗೆ ಪ್ರವೇಶ ಶುಲ್ಕವಿಲ್ಲದ ಆನ್‌ಲೈನ್ ಆಟಗಳಿಂದ ಶುರು ಮಾಡಿದವಳು. ಕೈಯಿಂದ ದುಡ್ಡು ಹಾಕಲೇ ಇಲ್ಲ ಅಂತ ಅವಳೇ ಹೇಳಿಕೊಂಡಿದ್ದಾಳೆ. ಇದನ್ನು ನಂಬಿ ನೀವು ಕೆಲಸ ಬಿಡಬೇಡಿ ಮತ್ತೆ! ಅವಳೂ ಆಮೇಲೆ ಪೋಕರ್‌ನಿಂದ ದೂರ ಸರಿದು, ಯೂಟ್ಯೂಬ್‌ನಲ್ಲಿ ಮೇಕಪ್ ವಿಡಿಯೋ ಮಾಡತೊಡಗಿದಳು.