ಕಂಬ ಮೇಂಟೇನ್ ಮಾಡುವುದಿಲ್ಲ

ಸೇಡಂ ತಾಲ್ಲೂಕಿನ ಪ್ರೌಢಶಾಲೆಯ ಇಂಗ್ಲಿಷ್ ಮಾಸ್ತರರೊಬ್ಬರ ಪತ್ರ ಬಂದಿದೆ. ಹತ್ತನೇ ತರಗತಿಯ ಉತ್ತರಪತ್ರಿಕೆಗಳ ತುಂಬ ‘ಮೇಂಟೇನ್’ ಎಂಬ ಒಂದೇ ಕ್ರಿಯಾಪದ ಓಡಾಡುತ್ತಿದೆಯಂತೆ. ‘ಮೈ ಫಾದರ್ ಮೇಂಟೇನ್ಸ್ ಅವರ್ ಫ್ಯಾಮಿಲಿ’, ‘ಟ್ರೀಸ್ ಮೇಂಟೇನ್ ಅಸ್’, ‘ಪಿಲ್ಲರ್ಸ್ ಮೇಂಟೇನ್ ದ ರೂಫ್’. ಮೂರಕ್ಕೂ ಅವರು ಅಂಕ ಕಡಿದಿದ್ದಾರೆ. ಸಹೋದ್ಯೋಗಿಯೊಬ್ಬರು ‘ಅರ್ಥ ಆಗ್ತದಲ್ರಿ, ಬಿಡ್ರಿ ಅತ್ಲಾಗ’ ಎಂದು ತಕರಾರು ತೆಗೆದಿದ್ದಾರೆ. ಇಬ್ಬರಲ್ಲಿ ಯಾರದು ಸರಿ? ಸಪೋರ್ಟ್, ಮೇಂಟೇನ್, ಸಸ್ಟೇನ್, ಅಪ್‌ಹೋಲ್ಡ್ ಇವುಗಳ ನಡುವೆ ಗೆರೆ ಎಲ್ಲಿದೆ? ಇದು ಪತ್ರದ ಪ್ರಶ್ನೆ.

ಸಹೋದ್ಯೋಗಿಗಳ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಗಂಜ್ ಮಾರುಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾತು ತಲುಪಿದರೆ ಸಾಕು, ವ್ಯಾಕರಣ ಯಾರಿಗೆ ಬೇಕು. ಅವರ ಪಾಲಿನ ನ್ಯಾಯ ಅಲ್ಲಿಗೆ ಮುಗಿಯಿತು. ಕರಾರುಪತ್ರ, ಅರ್ಜಿ, ತೀರ್ಪು, ಟೆಂಡರ್ ಇವುಗಳಲ್ಲಿ ಬಹಳಷ್ಟು ಇನ್ನೂ ಇಂಗ್ಲಿಷ್‌ನಲ್ಲೇ ಇರುವ ನಾಡಿನಲ್ಲಿ ಈ ನಾಲ್ಕು ಪದಗಳನ್ನು ಕಲಸಿಬಿಟ್ಟರೆ ಹೊರೆ ಯಾರ ಹೆಗಲ ಮೇಲಿದೆ ಎಂಬುದೇ ಕಳೆದುಹೋಗುತ್ತದೆ. ಆದ್ದರಿಂದ ಮಾಸ್ತರರೇ, ನಾನು ನಿಮ್ಮ ಕಡೆ.

ಹಾಗಂತ ನಿಮ್ಮನ್ನು ಬೈಯದೆ ಬಿಡಲಾರೆ. ಮೂರೂ ವಾಕ್ಯಗಳಿಗೆ ಒಂದೇ ಕೆಂಪು ಗೆರೆ ಎಳೆದಿದ್ದೀರಿ. ಮೊದಲನೆಯದು ತಪ್ಪೇ ಅಲ್ಲ. ರೂಢಿಯ ಇಂಗ್ಲಿಷ್‌ನಲ್ಲಿ ಅಪ್ಪ ಕುಟುಂಬವನ್ನು ‘ಸಪೋರ್ಟ್’ ಮಾಡುತ್ತಾನೆ, ನಿಜ. ‘ಮೇಂಟೇನ್’ ಎಂದರೆ ವಾಕ್ಯಕ್ಕೆ ಕೋರ್ಟಿನ ವಾಸನೆ ಬರುತ್ತದೆ, ಅಷ್ಟೇ. ಕೋರ್ಟಿಗೆ ಮಾತ್ರ ಅದೇ ಬೇಕು. ಹೆಂಡತಿ, ಮಕ್ಕಳು, ತಂದೆತಾಯಿಗೆ ಜೀವನಾಂಶ ಕೊಡಿಸುವ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಪದ ‘ಮೇಂಟೆನೆನ್ಸ್’. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲೂ ಅದೇ ಪದ. ಹಿರಿಯ ನಾಗರಿಕರ 2007ರ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ಮೇಂಟೆನೆನ್ಸ್ ಎಂದರೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ, ತಿಂಗಳಿಗೆ ಗರಿಷ್ಠ 10,000 ರೂಪಾಯಿ. ಮಗ ಮನಸ್ಸು ಬಂದಾಗ ಕೊಟ್ಟರೆ ಸಪೋರ್ಟ್. ಕಾನೂನಿನ ಪ್ರಕಾರ ಕೊಡಲೇಬೇಕಾದದ್ದು ಮೇಂಟೆನೆನ್ಸ್. ಅರ್ಜಿ ಬರೆಯುವ ಮುದುಕಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಆ ಹುಡುಗನಿಗೆ ಅಂಕ ವಾಪಸ್ ಕೊಡಿ.

ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಮೂರನೆಯ ವಾಕ್ಯದಲ್ಲಂತೂ ಕೆಂಪು ಶಾಯಿ ಸಾರ್ಥಕವಾಗಿದೆ. ಸಪೋರ್ಟ್ ಲ್ಯಾಟಿನ್ ಮೂಲದಲ್ಲಿ ಕೆಳಗಿನಿಂದ ಹೊರುವುದು. ಮೇಂಟೇನ್ ಕೈಯಲ್ಲಿ ಹಿಡಿದಿರುವುದು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನೇ ನೋಡಿ. ಬಯಲು ಅಂಗಳವೇ ಇಲ್ಲದೆ ಇಡಿಯಾಗಿ ಚಾವಣಿ ಹೊದ್ದ ಕಟ್ಟಡ. ಆ ಗುಮ್ಮಟಗಳನ್ನು ಕಂಬ, ಕಮಾನುಗಳು ಸಪೋರ್ಟ್ ಮಾಡುತ್ತವೆ. ಕಟ್ಟಡವನ್ನು ಪುರಾತತ್ವ ಇಲಾಖೆ ಮೇಂಟೇನ್ ಮಾಡುತ್ತದೆ. ಕಂಬಕ್ಕೆ ಭಾರ ಹೊರುವುದು ಗೊತ್ತು. ಬಿರುಕು ಬಿಟ್ಟಿದೆಯೇ ಎಂದು ನೋಡಿ ಗಾರೆ ತುಂಬುವುದು ಗೊತ್ತಿಲ್ಲ.

ಸಪೋರ್ಟ್‌ನಲ್ಲಿ ನಮ್ಮ ಮಕ್ಕಳು ಎಡವುವ ಇನ್ನೊಂದು ಜಾಗ ‘ಟು’. ‘ಐ ಸಪೋರ್ಟ್ ಟು ಹಿಮ್’ ಎಂಬುದು ‘ಅವನಿಗೆ’ ಎಂಬ ನಮ್ಮ ವಿಭಕ್ತಿ ಅಲ್ಲಿ ಹೋಗಿ ಕೂತದ್ದು. ಕ್ರಿಯಾಪದವಾದಾಗ ನೇರ ‘ಸಪೋರ್ಟ್ ಹಿಮ್’. ನಾಮಪದವಾದಾಗ ‘ಸಪೋರ್ಟ್ ಫಾರ್’ ಅಥವಾ ‘ಇನ್ ಸಪೋರ್ಟ್ ಆಫ್’. ತೊಗರಿ ನಾಡಿನ ಮಕ್ಕಳಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2025-26ಕ್ಕೆ ತೊಗರಿಯ ಮಿನಿಮಮ್ ಸಪೋರ್ಟ್ ಪ್ರೈಸ್ ಕ್ವಿಂಟಲ್‌ಗೆ 8,000 ರೂಪಾಯಿ. ಇಲ್ಲಿ ಸಪೋರ್ಟ್ ಎಂದರೆ ನೆಲಗಟ್ಟು. ಪೇಟೆ ಧಾರಣೆ ಅದಕ್ಕಿಂತ ಕೆಳಗೆ ಜಾರಿದಾಗ ಸರ್ಕಾರ ಖರೀದಿಗೆ ಇಳಿಯಬೇಕು, ಮೇಲೇರಿದರೆ ತಡೆಯುವಂತಿಲ್ಲ. ‘ಮೇಂಟೇನ್ ದ ಪ್ರೈಸ್’ ಎಂದಿದ್ದರೆ ಧಾರಣೆ ಏರದಂತೆ, ಇಳಿಯದಂತೆ ಒಂದೇ ಮಟ್ಟದಲ್ಲಿ ಹಿಡಿಯುವುದು ಎಂದಾಗುತ್ತಿತ್ತು. ಎಷ್ಟು ರೈತರು ಒಪ್ಪುತ್ತಿದ್ದರೋ!

ಮೇಂಟೇನ್‌ಗೆ ಒಂದು ಷರತ್ತಿದೆ: ಕೈಗೆ ಬಂದದ್ದು ಆಗಲೇ ಸರಿಯಿರಬೇಕು. ಒತ್ತಡ, ಉಷ್ಣಾಂಶ, ವೇಗ, ಅಂತರ, ಶಿಸ್ತು, ಓಡುತ್ತಿರುವ ಯಂತ್ರ ಇವನ್ನೆಲ್ಲ ಮೇಂಟೇನ್ ಮಾಡಬಹುದು. ಕೆಟ್ಟು ನಿಂತ ಬೋರ್‌ವೆಲ್ ಮೋಟರನ್ನು ಮೊದಲು ರಿಪೇರಿ ಮಾಡಬೇಕು, ಮೇಂಟೇನ್ ಆಮೇಲಿನ ಮಾತು. ‘ಮೇಂಟೇನ್ ಸೈಲೆನ್ಸ್’ ತಪ್ಪಲ್ಲ, ಬಿಗಿ. ತರಗತಿಗೆ ‘ಕೀಪ್ ಕ್ವಯೆಟ್’ ಸಾಕು. ಐವತ್ತಾದರೂ ಗಟ್ಟಿಮುಟ್ಟಾಗಿರುವವರನ್ನು ‘ಭಾಳ ಛಂದ ಮೇಂಟೇನ್ ಮಾಡ್ಯಾರ’ ಎನ್ನುವುದು ಕನ್ನಡದಲ್ಲಿ ಸೊಗಸು. ಇಂಗ್ಲಿಷ್‌ನಲ್ಲಿ ‘ಹಿ ಈಸ್ ವೆಲ್ ಮೇಂಟೇನ್ಡ್’ ಎಂದರೆ ಬಂಗಲೆಯೋ ಹಳೆಯ ಕಾರೋ ಕಣ್ಣಮುಂದೆ ಬರುತ್ತದೆ. ಅಲ್ಲಿ ‘ಹಿ ಕೀಪ್ಸ್ ಫಿಟ್’ ಎನ್ನಬೇಕು. ಕೀಪ್, ಲುಕ್ ಆಫ್ಟರ್, ಹೋಲ್ಡ್ ಎಂಬ ಬಡಪಾಯಿ ಕ್ರಿಯಾಪದಗಳನ್ನು ಶಾಲೆಯಲ್ಲಿ ಕೀಳಾಗಿ ಕಾಣುವುದೇ ಈ ರೋಗದ ಬೇರು ಎಂಬುದು ನನ್ನ ಹಳೆಯ ವಾದ.

ಕಾಗುಣಿತ ಕೆಡುವುದಕ್ಕೆ ಕಾರಣ ಉಚ್ಚಾರಣೆ. ಮೇಂಟೇನ್‌ನ ಒತ್ತು ಎರಡನೇ ಭಾಗದ ಮೇಲೆ, ಮೇಂಟೆನೆನ್ಸ್‌ನ ಒತ್ತು ಮೊದಲ ಭಾಗದ ಮೇಲೆ. ನಾವು ‘ಮೇಂಟೇನೆನ್ಸ್’ ಎಂದು ಎಳೆಯುವುದರಿಂದ ಕೈಯೂ ಟಿ-ಎ-ಐ-ಎನ್ ಬರೆಯುತ್ತದೆ, ಇರಬೇಕಾದದ್ದು ಟಿ-ಇ-ಎನ್. ಸಸ್ಟೇನ್‌ನಿಂದ ಬಂದ ಸಸ್ಟೆನೆನ್ಸ್‌ಗೂ ಇದೇ ಗತಿ. ನಮ್ಮ ಪತ್ರಿಕಾ ವೃತ್ತಿಗೆ ಸೇರಿದ ಇನ್ನೊಂದು ಪ್ರಯೋಗವಿದೆ: ‘ದ ಮಿನಿಸ್ಟರ್ ಮೇಂಟೇನ್ಡ್ ದಟ್…’. ಎಷ್ಟು ಪ್ರಶ್ನೆ ಬಂದರೂ ಮಂತ್ರಿ ಅದನ್ನೇ ಹೇಳುತ್ತ ಹೋದರು, ನಂಬುವುದು ಬಿಡುವುದು ನಿಮಗೆ ಸೇರಿದ್ದು ಎಂಬ ಸಣ್ಣ ಅನುಮಾನ ಅದರೊಳಗಿದೆ. ‘ಸೆಡ್’ ಎಂದರೆ ಆ ಅನುಮಾನವಿಲ್ಲ.

ಉಳಿದೆರಡು ಬೇಗ ಮುಗಿಯುತ್ತವೆ. ಜೀವ, ಆಸೆ, ಪ್ರಯತ್ನ ಬತ್ತದಂತೆ ನಡೆಸಿಕೊಂಡು ಹೋಗುವುದು ಸಸ್ಟೇನ್. ‘ಟ್ರೀಸ್ ಸಸ್ಟೇನ್ ಅಸ್’ ಎಂದು ತಿದ್ದಿಕೊಡಿ. ಪೊಲೀಸ್ ವರದಿಯಲ್ಲಿ ‘ಸಸ್ಟೇನ್ಡ್ ಇಂಜುರೀಸ್’ ಎಂದರೆ ಗಾಯಗೊಂಡರು ಎಂದಷ್ಟೇ, ಗಾಯವನ್ನು ಸಾಕಿಕೊಂಡರು ಎಂದಲ್ಲ. ಅಪ್‌ಹೋಲ್ಡ್ ಮಾಡುವುದು ತೀರ್ಪನ್ನು, ಹಕ್ಕನ್ನು, ಕಾನೂನನ್ನು, ಛತ್ತನ್ನಲ್ಲ. ಭೂತರೂಪ ಅಪ್‌ಹೆಲ್ಡ್. ಕಲಬುರಗಿ ಹೈಕೋರ್ಟ್ ಪೀಠ ಒಂದು ತೀರ್ಪನ್ನು ಅಪ್‌ಹೋಲ್ಡ್ ಮಾಡಿತು ಎಂದರೆ ಕೆಳಗಿನ ಕೋರ್ಟ್ ಮೊದಲೇ ಹೇಳಿದ್ದನ್ನು ಎತ್ತಿಹಿಡಿಯಿತು ಎಂದರ್ಥ. 1963ರ 16ನೇ ತಿದ್ದುಪಡಿ ಶಾಸಕರ, ಸಂಸದರ ಪ್ರಮಾಣವಚನಕ್ಕೆ ದೇಶದ ಸಾರ್ವಭೌಮತ್ವ, ಅಖಂಡತೆಯನ್ನು ‘ಅಪ್‌ಹೋಲ್ಡ್’ ಮಾಡುವ ಮಾತನ್ನು ಸೇರಿಸಿತು. ಅಲ್ಲಿ ‘ಮೇಂಟೇನ್’ ಹಾಕಿದ್ದರೆ ಎಷ್ಟು ಸಪ್ಪೆ!

ಈಗ ನನ್ನ ಹೊಟ್ಟೆಯುರಿಗೆ ಬರುತ್ತೇನೆ. ಪಾರಂಪರಿಕ ತಾಣಗಳ ಸಂರಕ್ಷಣೆಗೆ 1979ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಬರ್ರಾ ಚಾರ್ಟರ್ ಮೇಂಟೆನೆನ್ಸ್ ಬೇರೆ, ರಿಪೇರಿ ಬೇರೆ ಎಂದು ಕಡ್ಡಿ ಮುರಿದಂತೆ ಹೇಳುತ್ತದೆ. ಚಾವಣಿಯಂಚಿನ ಮಳೆನೀರಿನ ದೋಣಿಯನ್ನು ಆಗಾಗ ನೋಡಿ ಕಸ ತೆಗೆಯುವುದು ಮೇಂಟೆನೆನ್ಸ್. ಜರುಗಿದ ದೋಣಿಯನ್ನು ಮತ್ತೆ ಕೂರಿಸುವುದೂ, ಕೊಳೆತದ್ದನ್ನು ಬದಲಿಸುವುದೂ ರಿಪೇರಿ. ಬೀದರಿನ ಹಳೆಯ ಗೋಡೆಗಳಿಗೆ ಇದನ್ನು ಒಪ್ಪಿಸಿ ನೋಡಿ. ಕಲ್ಲಿನ ಸಂದಿಯಲ್ಲಿ ಮೊಳೆತ ಅರಳಿ ಸಸಿಯನ್ನು ಗೇಣುದ್ದ ಇರುವಾಗಲೇ ಬೇರು ಸಮೇತ ಕಿತ್ತು ಸಂದಿಗೆ ಸುಣ್ಣದ ಗಾರೆ ತುಂಬಿದರೆ ಒಬ್ಬ ಆಳಿನ ಕೆಲಸ. ಮೇಲಷ್ಟೇ ಸವರಿದರೆ ಒಳಗಿನ ಬೇರು ದಪ್ಪವಾಗಿ ಕಲ್ಲನ್ನು ಒದೆಯುತ್ತದೆ. ಆಮೇಲೆ ಮರದ ಟೇಕು ಕೊಟ್ಟು ಗೋಡೆ ನಿಲ್ಲಿಸಬೇಕು, ಕಲ್ಲು ಬಿಚ್ಚಿ ಮತ್ತೆ ಕೂರಿಸಬೇಕು, ಟೆಂಡರ್ ಕರೆಯಬೇಕು. ಎರಡಕ್ಕೂ ಕಡತದಲ್ಲಿ ‘ಮೇಂಟೆನೆನ್ಸ್’ ಎಂದೇ ಬರೆದರೆ ಸಸಿ ಕೀಳದವರನ್ನು ಯಾರೂ ಕೇಳುವುದಿಲ್ಲ.

ವಾರ್ಷಿಕ ನಿರ್ವಹಣಾ ಕರಾರುಗಳದ್ದೂ ಇದೇ ಹಾಡು. ಹಳ್ಳಿಯ ಶುದ್ಧ ನೀರಿನ ಘಟಕಕ್ಕೆ ‘ಮೇಂಟೆನೆನ್ಸ್ ಸಪೋರ್ಟ್’ ಕೊಡಲಾಗುವುದು ಎಂದು ಬರೆದಿರುತ್ತದೆ. ಎರಡು ನಾಮಪದಗಳು ಅಕ್ಕಪಕ್ಕ ಕೂತಿವೆ; ಮಾಡುವವನೇ ನಾಪತ್ತೆ. ‘ಕಾಂಪ್ರಹೆನ್ಸಿವ್’ ಎಂದಿದ್ದರೆ ಬಿಡಿಭಾಗವೂ ಸೇರಿದೆ ಎಂದು ರೂಢಿ. ‘ಲೇಬರ್ ಓನ್ಲಿ’ ಎಂದಿದ್ದರೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಹೋದ ದಿನ ಪಂಚಾಯಿತಿಯೇ ದುಡ್ಡು ಕಟ್ಟಬೇಕು. ಗುತ್ತಿಗೆದಾರ ಮರಳಿನ ಫಿಲ್ಟರನ್ನು ದಿನವೂ ಹಿಮ್ಮುಖ ನೀರು ಹರಿಸಿ ತೊಳೆಯಬೇಕು (ಬ್ಯಾಕ್‌ವಾಶ್), ಕಟ್ಟಿಕೊಂಡ ಫಿಲ್ಟರ್ ಕಾರ್ಟ್ರಿಡ್ಜ್ ಬದಲಿಸಬೇಕು, ದೂರು ಬಂದ ಎರಡು ದಿನದೊಳಗೆ ಬರಬೇಕು ಎಂದು ಕ್ರಿಯಾಪದಗಳಲ್ಲಿ ಬರೆಸಿದರೆ ತಪ್ಪಿಸಿಕೊಳ್ಳಲು ಸಂದಿ ಉಳಿಯುವುದಿಲ್ಲ.

ಮಕ್ಕಳಿಗೆ ಇದನ್ನೇ ಅಭ್ಯಾಸವಾಗಿ ಕೊಡಿ, ಮಾಸ್ತರರೇ. ನಿಮ್ಮೂರಿನ ಘಟಕದ ಖರ್ಚು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬರೆಯಲಿ, ನೀವೇ ಸಹಿ ಹಾಕಿ ಕಳಿಸಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ರಿಪೇರಿಗೊಂದು, ಮೇಂಟೆನೆನ್ಸ್‌ಗೊಂದು ಬೇರೆಬೇರೆ ಹಾಕಿ.